ಸೂರಗೊಂಡನಕೊಪ್ಪದ ಚರಿತ್ರೆಯನ್ನು ಅರಸುವ ವಿದ್ಯಾರ್ಥಿಗೆ

ಒಂದು ಘಟನೆಯ ಚಾರಿತ್ರಿಕ ಸಂದರ್ಭವನ್ನು ಶೋಧಿಸಿ ಬರೆಯೆಂದು ಗುರುಗಳು ವಿಧಿಸಿದಾಗ ವಿದ್ಯಾರ್ಥಿಯು ಮೊದಲು ಕೈಹಾಕುವುದು ದೊಡ್ಡ ಗ್ರಂಥಗಳಿಗೆ. ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರು ಅವತರಿಸಿದ ಸಂದರ್ಭವನ್ನು ಬರೆಯಹೊರಟವನಿಗೆ ಆ ಮಾರ್ಗದಿಂದ ದೊರೆಯುವ ಫಲವು ಅತ್ಯಲ್ಪ. ನ್ಯಾಮತಿ ತಾಲ್ಲೂಕಿನ ಈ ಗ್ರಾಮವು ಲಂಬಾಣಿ ಬಾಂಧವರಿಗೆ ಪರಮಕ್ಷೇತ್ರ. ಪ್ರತಿವರ್ಷ ಫೆಬ್ರವರಿಯಲ್ಲಿ ಮಾಲಾಧಾರಿಗಳು ದೂರದ ತಾಂಡಗಳಿಂದ ನಡೆದುಬಂದು ಸೇವಾಲಾಲರಿಗೂ ಮರಿಯಮ್ಮನಿಗೂ ವಂದಿಸುತ್ತಾರೆ. ಸಂಪ್ರದಾಯದ ಪ್ರಕಾರ ಜನನವು 1739ನೆಯ ಫೆಬ್ರವರಿ 15ರಂದು. ತಂದೆ ಭೀಮಾನಾಯಕ, ತಾಯಿ ಧರ್ಮಿಣಿ.

ಮೊದಲ ತೊಡಕು ಎಣಿಕೆಯದು. 1739ರಲ್ಲಿ 78ನ್ನು ಕಳೆದು ಶಕವರ್ಷ 1661 ಎಂದು ಬರೆದರೆ ತಪ್ಪಾಯಿತು. ಆ ದಿನವು ಯುಗಾದಿಗೆ ಮೊದಲಿನದಾದುದರಿಂದ ಅದು ಶಕ 1660, ಕಾಳಯುಕ್ತಿ ಸಂವತ್ಸರ. ಎರಡನೆಯ ತೊಡಕು ಸೀಮೆಯದು. ದಾವಣಗೆರೆ ಜಿಲ್ಲೆಯು ಹುಟ್ಟಿದ್ದೇ 1997ರಲ್ಲಿ. ಅದಕ್ಕೆ ಮುನ್ನ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಆದಕಾರಣ ರೈಸ್ ಮಹಾಶಯರ ಶಾಸನಸಂಗ್ರಹದಲ್ಲಿ ಮೊದಲಿನ ಎರಡು ತಾಲ್ಲೂಕುಗಳ ಶಾಸನಗಳನ್ನು 7ನೆಯ ಸಂಪುಟದಲ್ಲಿಯೂ ಜಗಳೂರಿನವನ್ನು 11ನೆಯದರಲ್ಲಿಯೂ ನೋಡಬೇಕು.

ಇನ್ನು ಕಾಲದ ವಿಚಾರ. 1739ರಲ್ಲಿಯೇ ನಾದಿರ್ ಶಹನು ದೆಹಲಿಯನ್ನು ಸೂರೆಗೈದನು. ವಿದ್ಯಾರ್ಥಿಗಳು ಇದನ್ನು ಬರೆದು ಪುಟ ತುಂಬಿಸುವುದುಂಟು. ಕೊಪ್ಪದ ಬಾಳಿಗೆ ಅದಕ್ಕಿಂತ ಸಮೀಪವಾದುದು ಬಿದನೂರು. ಅದೇ ವರ್ಷದಲ್ಲಿ ಕೆಳದಿಯ ಎರಡನೆಯ ಸೋಮಶೇಖರನಾಯಕನ ಆಳಿಕೆ ಮುಗಿದು ಬಸಪ್ಪನಾಯಕನ ಆಳಿಕೆ ಮೊದಲಾಯಿತು. ನಮ್ಮವರೇ ಆಳಿದ ವೀರಶೈವ ಸಂಸ್ಥಾನವಿದು. ಚನ್ನಗಿರಿಗೆ ಹೆಸರು ಬಂದುದು ಕೆಳದಿಯ ಚೆನ್ನಮ್ಮಾಜಿಯಿಂದಲೆಂದು ಪ್ರತೀತಿ. ಪೂರ್ವಕ್ಕೆ ಚಿತ್ರದುರ್ಗದ ನಾಯಕರು, ಉತ್ತರಕ್ಕೆ ಹರಪನಹಳ್ಳಿಯ ಪಾಳೆಯಗಾರರು ಮತ್ತು ಸವಣೂರ ನವಾಬರು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ದುರ್ಗದ ಮದಕರಿನಾಯಕನು ಮಡಿದನು. 1763ರಲ್ಲಿ ಹೈದರನು ಬಿದನೂರನ್ನು ಗೆದ್ದನು. ಸೇವಾಲಾಲರ ಬಾಲ್ಯಯೌವನಗಳು ಈ ಕದನಗಳ ನಡುವೆಯೇ ಕಳೆದವು.

ಆ ಸೀಮೆಗಳನ್ನು ದಾಟುತ್ತ ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸಿದವರು ಲಂಬಾಣಿಗಳು. ದಂಡು ನಡೆದರೆ ಅದಕ್ಕೆ ಅನ್ನ ತಲಪಿಸಿದವರೂ ಅವರೇ. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕಾರ್ನ್‌ವಾಲಿಸನ ಸೈನ್ಯವು ಇವರ ಎತ್ತುಗಳನ್ನೇ ನಂಬಿತ್ತು. ತುರುಗಾಹಿ ರಾಮಣ್ಣ, ಸುಂಕದ ಬಂಕಣ್ಣರನ್ನು ಬಲ್ಲ ನಮ್ಮ ಮನೆಯ ಮಕ್ಕಳಿಗೆ ಗೋವು ಕಾಯುವ ಕಾಯಕವೂ ಸುಂಕದ ಕಟ್ಟೆಯೂ ಹೊಸವಲ್ಲ. ಇಷ್ಟಾದರೂ ರಾಜರ ಬರಹಗಳಲ್ಲಿ ಈ ಜನರು ಧಾನ್ಯ ತಂದವರಾಗಿ ಸುಳಿಯುತ್ತಾರೆಯೇ ಹೊರತು, ಅವರ ತಾಯಿ ತಂದೆ, ಗುರು ದೈವಗಳ ಹೆಸರು ಅಲ್ಲಿ ಬಾರದು. 1871ರ ಕಾಯಿದೆಯ ತರುವಾಯ ಆಂಗ್ಲ ಸರಕಾರವು ಎಷ್ಟೋ ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದಿತು. ಅಂಥ ಕಾಗದಗಳನ್ನೇ ನಂಬಿ ತಾಂಡದವರನ್ನು ವರ್ಣಿಸಿದರೆ ಅದು ಶೋಧನೆಯಲ್ಲ, ನಿಂದೆ.

ಹಾಗಾದರೆ ಲಿಖಿತವಿಲ್ಲದ್ದು ಇಲ್ಲವೇ? ಈ ಪ್ರಶ್ನೆಗೆ ಶರಣರ ಚರಿತ್ರೆಯೇ ಉತ್ತರ. ಬಸವಣ್ಣನವರ ವಂಶವನ್ನು ತಿಳಿಸುವ ಅರ್ಜುನವಾಡದ ಶಾಸನವು 1260ರದು, ಕಲ್ಯಾಣದ ವಿಪ್ಲವಕ್ಕೆ ಸುಮಾರು ತೊಂಬತ್ತು ವರ್ಷಗಳ ಈಚಿನದು. ಕಲ್ಲು ಮಾತಾಡುವ ತನಕ ಭಕ್ತರು ಕಾದಿರಲಿಲ್ಲ. ವಚನಗಳು ಮನೆಮಠಗಳ ಓಲೆಕಟ್ಟುಗಳಲ್ಲಿದ್ದವು; ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆಯೇ ವಿದ್ವತ್ಪ್ರಪಂಚವು ತಿರುಗಿ ನೋಡಿತು. ಸೇವಾಲಾಲರ ಓಲೆಕಟ್ಟು ತಾಂಡದ ಹಿರಿಯರ ಕಂಠ. ಆದರೆ ಹಾಡಿನಲ್ಲಿ ಪವಾಡ ಬಂದಿತೆಂದು ಹಾಡನ್ನೇ ತಳ್ಳುವುದು ಹೇಗೆ ಅವಿವೇಕವೋ, ಹಾಡಿನ ಮಾತನ್ನು ಶಾಸನದ ತೇದಿಯಂತೆ ಬರೆಯುವುದೂ ಹಾಗೆಯೇ. ‘ಸಂಪ್ರದಾಯವು ಹೀಗೆನ್ನುತ್ತದೆ’ ಎಂಬ ಮಾತು ಪ್ರಬಂಧಕ್ಕೆ ಕುಂದಲ್ಲ.

ಆದುದರಿಂದ ವಿದ್ಯಾರ್ಥಿಯು ಜಾತ್ರೆಯ ಗದ್ದಲ ಕಳೆದ ಮೇಲೆ ತಾಂಡಕ್ಕೆ ಹೋಗಲಿ. ಮುದುಕಿಯೊಬ್ಬಳು ಹಾಡಲೊಪ್ಪಿದರೆ ಆಕೆಯ ನುಡಿಯನ್ನು ಕೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ, ತಿದ್ದದಿರಲಿ; ಅರ್ಥವನ್ನು ಆಕೆಯಿಂದಲೇ ಕೇಳಲಿ. ಬರೆದುದನ್ನು ಓದಿಹೇಳಿ ಒಪ್ಪಿಗೆ ಪಡೆಯಲಿ. ಶಾಸನಕ್ಕೆ ಸಂಪುಟ, ಸಂಖ್ಯೆಗಳಿರುವಂತೆ, ಹಾಳೆಯ ಅಂಚಿನಲ್ಲಿ ತಾಂಡದ ಹೆಸರೂ ಕೇಳಿದ ದಿನವೂ ಇರಲಿ.