ಅಕ್ಷಹೃದಯ

ಸಂಸ್ಕೃತದಲ್ಲಿ ‘ಅಕ್ಷ’ವೆಂದೂ ಹಳಗನ್ನಡದಲ್ಲಿ ‘ನೆತ್ತ’ವೆಂದೂ ಹೆಸರಾದ ದಾಳದ ಆಟ ಬಹು ಪುರಾತನವಾದುದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಪಶ್ಚಾತ್ತಾಪವನ್ನೇ ವಸ್ತುವಾಗುಳ್ಳ ಸೂಕ್ತವೊಂದುಂಟು. ಆ ಕಾಲದ ದಾಳ ವಿಭೀತಕ ವೃಕ್ಷದ ಕಾಯಿ. ತ್ರಿಫಲೆಯಲ್ಲಿ ನೆಲ್ಲಿ, ಅಳಲೆಗಳೊಡನೆ ಸೇರುವ ತಾರೆಕಾಯಿಯೇ ಅದು. ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿ, ಶೇಷವುಳಿಯದಿದ್ದರೆ ಕೃತ, ಮೂರುಳಿದರೆ ತ್ರೇತಾ, ಎರಡುಳಿದರೆ ದ್ವಾಪರ, ಒಂದುಳಿದರೆ ಕಲಿ ಎಂದು ಕರೆಯುತ್ತಿದ್ದರೆಂಬುದು ವಿದ್ವಾಂಸರ ಮತ. ಹೀಗೆ ಯುಗಗಳ ಹೆಸರುಗಳೇ ಗರಗಳ ಹೆಸರುಗಳೂ ಆಗಿದ್ದವು. ‘ಕಲಿ’ ಎಂಬುದು ಸೋಲಿನ ಗರ.

ಇದನ್ನರಿತರೆ ಮಹಾಭಾರತದ ನಳೋಪಾಖ್ಯಾನದ ಒಂದು ಸನ್ನಿವೇಶ ಸ್ಪಷ್ಟವಾಗುತ್ತದೆ. ಕಲಿಯ ಆವೇಶಕ್ಕೊಳಗಾದ ನಳನು ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾದನು. ವಿದರ್ಭದ ದಾರಿಯಲ್ಲಿ ಋತುಪರ್ಣನು ವಿಭೀತಕ ವೃಕ್ಷವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 5 ಕೋಟಿ ಎಲೆಗಳೂ 2,095 ಕಾಯಿಗಳೂ ಇವೆಯೆಂದನು. ನಳನು ನಂಬದೆ ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿದನು, ಲೆಕ್ಕ ಸರಿಯಾಗಿತ್ತು. ಬಳಿಕ ಅಶ್ವವಿದ್ಯೆಗೆ ಪ್ರತಿಯಾಗಿ ಅಕ್ಷಹೃದಯವನ್ನು, ಎಂದರೆ ದಾಳದ ಮರ್ಮವನ್ನು, ಪಡೆದನು. ಆ ಕ್ಷಣವೇ ಕಲಿ ಅವನ ದೇಹವನ್ನು ಬಿಟ್ಟು ಹೊರಟನು. ಚೌಂಡರಸ, ಕನಕದಾಸರಂಥ ಕವಿಗಳು ಕನ್ನಡದಲ್ಲಿ ಹೇಳಿದ ನಳಕಥೆಯ ತಿರುಳು ಇಲ್ಲಿದೆ: ಎಣಿಸಲು ಕಲಿತವನನ್ನು ಕಲಿ ಹಿಡಿದಿರಲಾರನು.

ಎಣಿಕೆಯೆಂದರೇನೆಂಬುದನ್ನು ಸಾಲಗಾಮೆಯ ವಿದ್ಯಾರ್ಥಿಯು ಮನೆಯ ಚೌಕಾಬಾರದಿಂದಲೇ ಅರಿಯಬಹುದು. ಉಜ್ಜಿ ಒಂದು ಮಗ್ಗುಲು ಬಿಳುಪಾಗಿಸಿದ 4 ಹುಣಿಸೆಬೀಜಗಳನ್ನು ಎಸೆದರೆ, ಬೀಳುವ ಬಗೆಗಳು ಒಟ್ಟು 16. ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆಂದಿಟ್ಟುಕೊಂಡರೆ, ಎರಡರ ಗರಕ್ಕೆ 6 ಬಗೆ, ಒಂದಕ್ಕೂ ಮೂರಕ್ಕೂ ತಲಾ 4 ಬಗೆ, ಚೌಕಕ್ಕೂ ಬಾರಕ್ಕೂ ತಲಾ 1 ಬಗೆ ಮಾತ್ರ. ಎರಡು ಮೇಲಿಂದ ಮೇಲೆ ಬರುವುದಕ್ಕೂ ಎಲ್ಲರೂ ಹಾರೈಸುವ ಬಾರ ಅಪರೂಪವಾಗುವುದಕ್ಕೂ ಕಾರಣ ಇದೇ. ಯೂರೋಪಿನಲ್ಲಿ 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು ಜೂಜಿನ ಪ್ರಶ್ನೆಗಳ ಬಗ್ಗೆ ಪತ್ರವ್ಯವಹಾರ ನಡೆಸಿದುದರಿಂದ ಸಂಭವನೀಯತೆಯ ಶಾಸ್ತ್ರ ರೂಪುಗೊಂಡಿತು.

ಇನ್ನು ಒತ್ತೆಯ ಆಟವನ್ನು ನೋಡೋಣ. ಜಾತ್ರೆಯ ಅಂಚಿನಲ್ಲಿ 6 ಚಿತ್ರಗಳ ಹಾಸು ಹಾಕಿ, ಅವೇ ಚಿತ್ರಗಳುಳ್ಳ 3 ದಾಳಗಳನ್ನು ಡಬ್ಬಿಯಲ್ಲಿ ಕುಲುಕಿ ಮಗುಚುವುದುಂಟು. ಒತ್ತೆಯಿಟ್ಟ ಚಿತ್ರ ಒಂದು ದಾಳದಲ್ಲಿ ಬಂದರೆ ಇಟ್ಟಷ್ಟೇ ಲಾಭ, ಎರಡರಲ್ಲಿ ಬಂದರೆ ಇಮ್ಮಡಿ, ಮೂರರಲ್ಲಿ ಬಂದರೆ ಮುಮ್ಮಡಿ. ಚಿತ್ರ ಆರು, ದಾಳ ಮೂರು. ಆದ್ದರಿಂದ ಗೆಲುವು ಅರ್ಧಕ್ಕರ್ಧವೆಂದು ಆಡುವವನು ಭಾವಿಸುತ್ತಾನೆ. ಲೆಕ್ಕ ಬೇರೆಯೇ ಹೇಳುತ್ತದೆ. ದಾಳಗಳು ಬೀಳುವ ಬಗೆಗಳು 6×6×6, ಎಂದರೆ 216. ಒತ್ತೆಯ ಚಿತ್ರ ಕಾಣಿಸದ ಬಗೆಗಳು 5×5×5, ಎಂದರೆ 125. ಒಂದರಲ್ಲಿ ಕಾಣುವುದು 75, ಎರಡರಲ್ಲಿ 15, ಮೂರರಲ್ಲೂ ಕಾಣುವುದು 1. ಪ್ರತಿ ಸಲ 1 ರೂಪಾಯಿ ಇಟ್ಟು ಈ ಎಲ್ಲ ಬಗೆಗಳೂ ಒಂದೊಂದು ಸಲ ಬಂದವೆಂದುಕೊಂಡರೆ, ಲಾಭ 75+30+3, ಎಂದರೆ 108 ರೂಪಾಯಿ, ನಷ್ಟ 125. ವ್ಯತ್ಯಾಸವಾದ 17 ರೂಪಾಯಿ ಹಾಸಿನ ಯಜಮಾನನ ಪಾಲು. ದಾಳ ನಿರ್ದೋಷವಾಗಿದ್ದರೂ ಅವನೇ ಗೆಲ್ಲುತ್ತಾನೆ. ಮೋಸ ಮಾಡುವ ಶ್ರಮವೂ ಅವನಿಗೆ ಬೇಕಿಲ್ಲ.

ಲೆಕ್ಕ ಇಷ್ಟು ಸರಳವಾಗಿದ್ದರೂ ಜನ ಆಡುವುದೇಕೆ? ಮನಸ್ಸಿನ ಎರಡು ಭ್ರಾಂತಿಗಳು ಇದಕ್ಕೆ ಕಾರಣ. ಹತ್ತು ಸಲ ಬಾರದ ಚಿತ್ರ ಹನ್ನೊಂದನೆಯ ಸಲ ಬಂದೇ ತೀರಬೇಕೆಂಬುದು ಮೊದಲನೆಯದು. ದಾಳಕ್ಕೆ ನೆನಪಿಲ್ಲ, ಹಿಂದಿನ ಸೋಲಿಗಾಗಿ ಅದು ಮರುಗುವುದೂ ಇಲ್ಲ. ಪ್ರತಿ ಸಲವೂ ಸೋಲಿನ ಬಗೆಗಳು 216ರಲ್ಲಿ 125 ಆಗಿಯೇ ಇರುತ್ತವೆ. ಹೋದುದನ್ನು ಅಲ್ಲಿಯೇ ಗೆದ್ದು ತರುವೆನೆಂಬ ಹಟ ಎರಡನೆಯದು. ಸಭಾಪರ್ವದ ಧರ್ಮರಾಯನು ಸಂಪತ್ತನ್ನು ಸೋತು ರಾಜ್ಯವನ್ನೂ, ರಾಜ್ಯವನ್ನು ಸೋತು ತಮ್ಮಂದಿರನ್ನೂ, ಅವರನ್ನು ಸೋತು ತನ್ನನ್ನೂ, ಕಡೆಗೆ ದ್ರೌಪದಿಯನ್ನೂ ಒಡ್ಡಿದನು. ಅವನು ಮೂಢನಾಗಿರಲಿಲ್ಲ, ಧರ್ಮಜ್ಞನೆಂದೇ ಪ್ರಸಿದ್ಧನಾದವನು. ಅಂಥವನೇ ನಿಲ್ಲಿಸಲಾರದೆ ಹೋದನೆಂಬುದನ್ನು ಬುದ್ಧಿವಂತರೆನಿಸಿಕೊಂಡವರು ವಿಶೇಷವಾಗಿ ಗಮನಿಸಬೇಕು.

ಆ ಸಭೆಯಲ್ಲಿ ದ್ರೌಪದಿ ಕೇಳಿಸಿದ ಪ್ರಶ್ನೆ ಜೂಜಿನ ನೀತಿಯ ಮೂಲವಾಗಿದೆ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಯದು ಎಂದಳು ಆಕೆ. ಒತ್ತೆ ಯಾರದೆಂಬುದೇ ಈ ಪ್ರಶ್ನೆಯ ಮರ್ಮ. ಹಾಸನದ ಸಂತೆಯಲ್ಲಿ ಆಲೂಗಡ್ಡೆ ಮಾರಿದ ರೈತನ ಕಿಸೆಯ ಹಣ ಅವನೊಬ್ಬನದಲ್ಲ. ಮುಂದಿನ ಬಿತ್ತನೆಯ ಬೀಜ, ಎತ್ತಿನ ಮೇವು, ಮಗಳ ಶಾಲೆಯ ಪುಸ್ತಕ ಎಲ್ಲವೂ ಅದರಲ್ಲಿವೆ. ಅದನ್ನು ಹಾಸಿನ ಮೇಲಿಟ್ಟವನು ಮನೆಯವರನ್ನು ಕೇಳದೆ ಮನೆಯನ್ನೇ ಒಡ್ಡಿದಂತೆ.

ಇಂದು ಈ ಹಾಸು ಜಾತ್ರೆಯನ್ನು ಕಾಯುವುದಿಲ್ಲ; ಕೈಯ ಮೊಬೈಲಿನಲ್ಲಿಯೇ ಹರಡಿಕೊಂಡದ್ದನ್ನು ಜನ ಕಂಡಿದ್ದಾರೆ. 1963ರ ಕರ್ನಾಟಕ ಪೊಲೀಸ್ ಅಧಿನಿಯಮವು ಜೂಜುಕಟ್ಟೆಯನ್ನು ದಂಡಾರ್ಹವೆನ್ನುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆದರೆ ಶಾಸನ ಹೊರಗಿನ ಬೇಲಿ; ಒಳಗಿನ ಬೇಲಿಯನ್ನು ಮನುಷ್ಯ ತಾನೇ ಹಾಕಿಕೊಳ್ಳಬೇಕು. ಆಟ ಆಟವಾಗಿಯೇ ಇರಲಿ, ಹಣ ಅದರಿಂದ ದೂರವಿರಲಿ. ಸೋತುದನ್ನು ಆಟದಿಂದಲೇ ತುಂಬಿಕೊಳ್ಳುವ ಆಸೆ ಬೇಡ. ಆ ಆಸೆ ಹುಟ್ಟಿದ ಗಳಿಗೆಯಲ್ಲಿ ಮುಚ್ಚಿಡದೆ ಮನೆಯವರೊಡನೆ ಹೇಳಿಕೊಳ್ಳಬೇಕು.

ಅಕ್ಷಹೃದಯವನ್ನು ಪಡೆದ ನಳನು ಪುಷ್ಕರನೊಡನೆ ಮತ್ತೊಮ್ಮೆ ಆಡಿ, ಒಂದೇ ಗರದಲ್ಲಿ ರಾಜ್ಯವನ್ನು ಗೆದ್ದನು. ಸೋತ ಪುಷ್ಕರನನ್ನು ಕ್ಷಮಿಸಿ, ಆದರದಿಂದ ಅವನ ಊರಿಗೆ ಕಳುಹಿಸಿಕೊಟ್ಟನು. ಎಣಿಕೆ ಬಲ್ಲವನಿಗೆ ನಿಲ್ಲಿಸುವುದೂ ತಿಳಿದಿತ್ತು.