ಸಿಗಡಿ ಸಿಪ್ಪೆಯ ಕೈಟೋಸಾನ್: ರೋಗ ಬರುವ ಮೊದಲೇ ಹೊಡೆಯಿರಿ

ಹೋದ ವಾರ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಟೊಮ್ಯಾಟೊ ಎಲೆಯ ಫೋಟೋ ಕಳಿಸಿದ್ದ. ಎಲೆ ತುಂಬಾ ಅಂಗಮಾರಿ ಚುಕ್ಕೆ. "ಅಣ್ಣಾ, ಕೈಟೋಸಾನ್ ಹೊಡೆದ್ರೆ ಹೋಗುತ್ತಾ?" ಹೋಗಲ್ಲಪ್ಪಾ ಅಂದೆ. ಮೂರು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿ ಅರ್ಧ ಎಕರೆ ಟೊಮ್ಯಾಟೊ ಕಳೆದುಕೊಂಡಿದ್ದೆ.

ಸಿಗಡಿ, ಏಡಿಗಳ ಚಿಪ್ಪಿನಲ್ಲಿ ಕೈಟಿನ್ ಎಂಬ ವಸ್ತು ಇರುತ್ತದೆ. ಅದನ್ನು ಗಾಢ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಕೈಟೋಸಾನ್ ಆಗುತ್ತದೆ. ಇದು ಕಾರ್ಖಾನೆ ಕೆಲಸ, ಮನೆಯಲ್ಲಿ ಕೈ ಹಾಕಬೇಡಿ. ಶಿಲೀಂಧ್ರದ ಕೋಶಭಿತ್ತಿಯಲ್ಲೂ ಕೈಟಿನ್ ಇದೆ. ಹಾಗಾಗಿ ಎಲೆ ಮೇಲೆ ಕೈಟೋಸಾನ್ ಬಿದ್ದರೆ ಗಿಡ ಶಿಲೀಂಧ್ರವೇ ಬಂತು ಅಂದುಕೊಂಡು ತನ್ನ ರಕ್ಷಣೆಗೆ ತಯಾರಾಗುತ್ತದೆ. ಈ ತಯಾರಿಗೆ ಸಮಯ ಬೇಕು. ರೋಗ ಹಬ್ಬಿದ ಮೇಲೆ ಹೊಡೆಯೋದು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಯುರೋಪಿನಲ್ಲಿ 2014ರಲ್ಲಿ ಕೈಟೋಸಾನ್ ಹೈಡ್ರೋಕ್ಲೋರೈಡ್‌ಗೆ ಒಪ್ಪಿಗೆ ಕೊಟ್ಟಿದ್ದೂ ಗಿಡದ ರೋಗನಿರೋಧಕ ಶಕ್ತಿ ಎಬ್ಬಿಸುವ ವಸ್ತು ಎಂದೇ.

ನನ್ನ ಎರಡನೇ ತಪ್ಪು ನೀರಿನದು. ಪುಡಿಯನ್ನು ನೇರ ಬೋರ್‌ವೆಲ್ ನೀರಿಗೆ ಸುರಿದೆ; ಕರಗದೆ ನಾಝಲ್ ಕಟ್ಟಿಕೊಂಡಿತು. ಕೈಟೋಸಾನ್ ಹುಳಿ ನೀರಲ್ಲಿ ಮಾತ್ರ ಕರಗುತ್ತದೆ. ಈಗ ನಾನು ಮಾಡೋದು ಹೀಗೆ: 750 ಮಿ.ಲೀ. ನೀರಿಗೆ 250 ಮಿ.ಲೀ. ಅಡುಗೆ ವಿನೆಗರ್ ಬೆರೆಸಿ, 10 ಗ್ರಾಂ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾ ಕಲಕಿ ರಾತ್ರಿ ಇಡೀ ಬಿಡುತ್ತೇನೆ. ಬೆಳಗ್ಗೆ ಗಂಜಿಯಂತಾಗಿರುತ್ತದೆ. ಸೋಸಿ, ಮಳೆನೀರು ಸೇರಿಸಿ 10 ಲೀಟರ್ ಮಾಡಿ ಸಂಜೆ ಹೊತ್ತು ಸಿಂಪಡಣೆ. ಗಡಸು ನೀರು ಹಾಕಿದರೆ ಮತ್ತೆ ಒಡೆದು ಚೂರುಚೂರಾಗಬಹುದು. ಬೋರ್ಡೋ ದ್ರಾವಣದ ಜೊತೆಗಂತೂ ಬೆರೆಸಲೇಬೇಡಿ, ಅದರಲ್ಲಿ ಸುಣ್ಣ ಇದೆ. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಮುಂದುವರಿಯಿರಿ. ರೆಡಿ ದ್ರಾವಣ ತಂದರೆ ಲೇಬಲ್ ಮೇಲಿನ ಪ್ರಮಾಣವೇ ಸರಿ. ಸಾವಯವ ಪ್ರಮಾಣಪತ್ರ ಇದ್ದವರು ಕೊಳ್ಳುವ ಮುಂಚೆ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿಬಿಡಿ.

ಕೊಯ್ಲಾದ ಹಣ್ಣಿಗೂ ಇದರ ತೆಳು ಲೇಪ ಕೊಡುತ್ತಾರೆ, ನೀರು ಆರುವುದು ನಿಧಾನವಾಗುತ್ತದೆ. ನಾನಿನ್ನೂ ಮಾಡಿ ನೋಡಿಲ್ಲ.

ಕರಾವಳಿಯವರಿಗೆ ಒಂದು ಮಾತು. ನಿಮಗೆ ಪುಡಿ ಕೊಳ್ಳೋದಕ್ಕಿಂತ ಸಿಗಡಿ ಸಿಪ್ಪೆಯೇ ಅಗ್ಗ. ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ಕುಟ್ಟಿ ಕಾಂಪೋಸ್ಟ್‌ಗೆ ಸೇರಿಸಿ. ಕೈಟಿನ್ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಲ್ಲಿ ಹೆಚ್ಚುತ್ತವೆ. ಬೇರುಗಂಟು ಜಂತುವಿನ ಮೊಟ್ಟೆಯ ಕವಚದಲ್ಲೂ ಕೈಟಿನ್ ಇರುವುದರಿಂದ ಅವು ಅದನ್ನೂ ಬಿಡುವುದಿಲ್ಲ. ಗುಂಡಿ ಮಾತ್ರ ಚೆನ್ನಾಗಿ ಮುಚ್ಚಿ, ಇಲ್ಲಾಂದ್ರೆ ಊರ ನಾಯಿಗಳೆಲ್ಲ ನಿಮ್ಮ ತೋಟದಲ್ಲೇ!