ಚಿಕ್ಕದೇವರಾಜ ಒಡೆಯರ ಚಾರಿತ್ರಿಕ ಪ್ರತಿಮೆ: ಪ್ರಶಸ್ತಿ, ದೂಷಣೆ ಮತ್ತು ಮರುಪರಿಶೀಲನೆ

ಮೈಸೂರು ರಾಜ್ಯದ ಸ್ಥಾಪಕ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪರಂಪರೆಯ ಕಥನವು 1399ರಲ್ಲಿ ಯದುರಾಯನಿಂದ ವಂಶವನ್ನು ಆರಂಭಿಸುತ್ತದೆ. ರಾಜಕೀಯ ಚರಿತ್ರೆಯು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರನ್ನು ಮುಂದಿಡುತ್ತದೆ. ಆದರೆ ಕಂದಾಯ, ಕಚೇರಿ, ಖಜಾನೆ, ಅಂಚೆಗಳನ್ನುಳ್ಳ ಪ್ರಭುತ್ವವೆಂಬ ಅರ್ಥದಲ್ಲಿ ಮೈಸೂರನ್ನು ಕಟ್ಟಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರೆಂಬುದನ್ನು ಬಹುಮಟ್ಟಿಗೆ ಎಲ್ಲ ಚರಿತ್ರಕಾರರೂ ಒಪ್ಪುತ್ತಾರೆ. ಒಪ್ಪಿಗೆ ಅಷ್ಟಕ್ಕೆ ನಿಲ್ಲುತ್ತದೆ. ಇವರನ್ನು ಕುರಿತ ಬರಹಗಳಲ್ಲಿ ಧರ್ಮಪ್ರಭು ಮತ್ತು ಪ್ರಜಾಪೀಡಕ ಎಂಬ ಎರಡು ಪ್ರತಿಮೆಗಳು ಜೊತೆಜೊತೆಯಾಗಿಯೇ ಸಾಗಿಬಂದಿವೆ. ಈ ಪ್ರತಿಮೆಗಳು ಯಾವ ಪಠ್ಯಗಳಲ್ಲಿ, ಯಾರ ಅಗತ್ಯಕ್ಕಾಗಿ ರೂಪುಗೊಂಡವು, ಅವುಗಳ ಮರುಪರಿಶೀಲನೆಯಲ್ಲಿ ಯಾವುದು ಉಳಿಯಿತು, ಯಾವುದು ಜಾರಿಹೋಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಚರ್ಚೆಗೆ ಸಂಬಂಧಿಸಿದ ವ್ಯಕ್ತಿಗಳೂ ಸ್ಥಳಗಳೂ ಬಹುತೇಕ ಇಂದಿನ ಚಾಮರಾಜನಗರ ಜಿಲ್ಲೆಯೊಳಗೇ ಇರುವುದು ಗಮನಾರ್ಹ. ಹಿಂದಿನ ಅರಸರ ಕಾಲದಲ್ಲಿ (1659–1673) ಯುವಕ ಚಿಕ್ಕದೇವರಾಜರನ್ನು ಇರಿಸಲಾಗಿದ್ದುದು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ. ಅಲ್ಲಿ ಒಡನಾಡಿಯಾಗಿದ್ದು ಮುಂದೆ ಮಂತ್ರಿಯಾದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ ಯಳಂದೂರಿನವನು. ಆಸ್ಥಾನದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನ ಊರೂ ಯಳಂದೂರೇ. ಅರಸರು ತಂದೆಯ ಸ್ಮರಣೆಗೆ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದು ಗುಂಡ್ಲುಪೇಟೆಯಲ್ಲಿ. ಒಂದೂವರೆ ಶತಮಾನದ ಅನಂತರ ‘ರಾಜಾವಳಿ ಕಥಾಸಾರ’ದಲ್ಲಿ ಈ ಕಾಲದ ಕಥೆಯನ್ನು ಹೇಳಿದ ದೇವಚಂದ್ರ ಮಲೆಯೂರಿನ ಕನಕಗಿರಿಯವನು. ಹೀಗೆ ರಾಜ್ಯಸ್ಥಾಪಕನ ಹೊಗಳಿಕೆಯೂ ತೆಗಳಿಕೆಯೂ ಒಂದೇ ನೆಲದ ಬೇರೆ ಬೇರೆ ಸಮುದಾಯಗಳ ನೆನಪಿನಿಂದ ಹುಟ್ಟಿವೆ.

ಮೊದಲ ಪ್ರತಿಮೆಯನ್ನು ಕಡೆದವರು ಆಸ್ಥಾನ ಕವಿಗಳು. ತಿರುಮಲಾರ್ಯ ‘ಚಿಕದೇವರಾಜ ವಂಶಾವಳಿ’, ‘ಚಿಕದೇವರಾಜ ವಿಜಯ’, ‘ಅಪ್ರತಿಮವೀರ ಚರಿತೆ’ಗಳನ್ನು ರಚಿಸಿದ. ಇವನು ಬರಿಯ ಕವಿಯಲ್ಲ, ಮಂತ್ರಿಯೂ ಹೌದು. ಚಿಕುಪಾಧ್ಯಾಯನ ವಿಷಯದಲ್ಲೂ ಇದು ನಿಜ. ಅಂದರೆ ರಾಜ್ಯವನ್ನು ನಡೆಸಿದವರೇ ರಾಜನ ಕೀರ್ತಿಯನ್ನೂ ಬರೆದರು. ವಂಶಾವಳಿಯು ಅರಸುಮನೆತನವನ್ನು ದ್ವಾರಕೆಯ ಯದುಕುಲಕ್ಕೆ ಜೋಡಿಸಿತು. ಅಲಂಕಾರಗ್ರಂಥವೊಂದರ ಉದಾಹರಣೆಗಳೆಲ್ಲ ಅರಸನ ಸ್ತುತಿಯಾದವು. ಅರಸರು ಶ್ರೀವೈಷ್ಣವ ಭಕ್ತರಾಗಿ ಚಿತ್ರಿತರಾದರು. ‘ಚಿಕದೇವರಾಜ ಬಿನ್ನಪ’ ಮತ್ತು ‘ಗೀತಗೋಪಾಲ’ಗಳ ಕರ್ತೃತ್ವದ ಚರ್ಚೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಇವು ಅರಸರವೋ ತಿರುಮಲಾರ್ಯನವೋ ಎಂಬುದನ್ನು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಕರ್ತೃ ಯಾರೇ ಇರಲಿ, ದೇವರೆದುರು ದೀನನಾಗಿ ಬಿನ್ನವಿಸಿಕೊಳ್ಳುವ ಅರಸನೆಂಬ ಪಾತ್ರವನ್ನು ಸೃಷ್ಟಿಸಿದ್ದು ಈ ಪಠ್ಯಗಳು ನಡೆಸಿದ ರಾಜಕೀಯ ಕೆಲಸ. ಕರ್ತೃತ್ವದ ಚರ್ಚೆಯಲ್ಲಿ ಈ ಅಂಶ ಹಿಂದೆ ಸರಿದಿರುವಂತೆ ತೋರುತ್ತದೆ.

‘ನವಕೋಟಿ ನಾರಾಯಣ’ ಎಂಬ ಬಿರುದು ಇಲ್ಲಿ ಮುಖ್ಯ. ಖಜಾನೆಯಲ್ಲಿ ಒಂಬತ್ತು ಕೋಟಿ ಕೂಡಿಸಿದವನೆಂಬ ಲೌಕಿಕ ಸಂಗತಿಗೆ ಇದು ದೈವತ್ವದ ಹೊದಿಕೆಯನ್ನು ಹೊದಿಸುತ್ತದೆ. ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಬಿರುದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಮುದ್ರಿತ ಚರಿತ್ರೆಯಲ್ಲಿ ಎತ್ತಿದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಇವನು ದಕ್ಷಿಣ ಭಾರತದ ಚರಿತ್ರೆಯನ್ನು 1810ರಿಂದ 1817ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ದಿನಕ್ಕೆ ಸಾವಿರ ವರಹಗಳ ಎರಡು ಚೀಲ ಖಜಾನೆಗೆ ಸೇರುವವರೆಗೆ ಅರಸರು ಊಟ ಮಾಡುತ್ತಿರಲಿಲ್ಲವೆಂಬುದು, ಅಂಚೆಯ ವ್ಯವಸ್ಥೆ ಬೇಹುಗಾರಿಕೆಗೂ ಬಳಕೆಯಾಯಿತೆಂಬುದು, ಔರಂಗಜೇಬನ ಆಸ್ಥಾನಕ್ಕೆ ಹೋದ ನಿಯೋಗ ಮರಳಿದ ಮೇಲೆ ಅಠಾರಾ ಕಚೇರಿಯ ಹದಿನೆಂಟು ಇಲಾಖೆಗಳು ಏರ್ಪಟ್ಟವೆಂಬುದು ಇವನ ಕಥನದಲ್ಲಿವೆ. ಹೊಸ ತೆರಿಗೆಗಳನ್ನು ಪ್ರತಿಭಟಿಸಿ ರೈತರು ಊರಬಾಗಿಲಲ್ಲಿ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ ಉಳುಮೆ ನಿಲ್ಲಿಸಿದರು. ಜಂಗಮರು ಇದಕ್ಕೆ ಬೆಂಬಲವಾದರು. ಅವರಲ್ಲಿ ನಾನೂರಕ್ಕೂ ಮಿಕ್ಕವರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತು. ಏಳುನೂರು ಮಠಗಳು ನಾಶವಾದವು ಎಂಬುದು ಅವನ ನಿರೂಪಣೆ. 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾದುದನ್ನು ಅವನು ಇದೇ ಹಗೆಗೆ ಜೋಡಿಸುತ್ತಾನೆ.

ವಿಲ್ಕ್ಸ್‌ನನ್ನು ವಸಾಹತುಶಾಹಿ ಬರಹಗಾರನೆಂದು ಪಕ್ಕಕ್ಕಿರಿಸುವುದು ಸುಲಭ. 1799ರಲ್ಲಿ ಒಡೆಯರನ್ನು ಮತ್ತೆ ಪಟ್ಟಕ್ಕೇರಿಸಿದ ಅಧಿಕಾರದ ಪ್ರತಿನಿಧಿ ಅವನು. ಆ ಕಾರಣಕ್ಕೇ ಒಡೆಯರ ಪೂರ್ವಿಕನೊಬ್ಬನನ್ನು ಸುಮ್ಮನೆ ಹಳಿಯಬೇಕಾದ ಅನಿವಾರ್ಯತೆ ಅವನಿಗಿರಲಿಲ್ಲ. ಅವನ ಬರಹದಲ್ಲಿ ಚಿಕ್ಕದೇವರಾಜರು ಸಮರ್ಥ ಹಣಕಾಸು ಆಡಳಿತಗಾರರೂ ಹೌದು, ಕ್ರೂರರೂ ಹೌದು. ಕಂದಾಯವನ್ನೇ ಆಡಳಿತದ ಒರೆಗಲ್ಲಾಗಿ ಕಂಡ ಕಂಪನಿಯ ಅಧಿಕಾರಿಗೆ ಈ ಎರಡೂ ಒಟ್ಟಿಗೆ ಕಂಡದ್ದು ಸಹಜ.

ದೇವಚಂದ್ರನ ‘ರಾಜಾವಳಿ ಕಥಾಸಾರ’ 19ನೆಯ ಶತಮಾನದ ಮೊದಲರ್ಧದಲ್ಲಿ, ಮೈಸೂರು ಅರಮನೆಯ ದೇವೀರಮ್ಮಣ್ಣಿಯ ಆಶ್ರಯದಲ್ಲಿ ಸಿದ್ಧವಾದುದು. ಇಲ್ಲಿ ಕೇಂದ್ರದಲ್ಲಿರುವುದು ಅರಸನಿಗಿಂತ ಜೈನ ಸಮುದಾಯದ ಏಳುಬೀಳು. ಅದರ ಮಂತ್ರಿಯ ಉನ್ನತಿ ಮತ್ತು ಅಂತ್ಯಗಳು ಈ ಕಥೆಗೆ ಬಿಸಿ ಕೊಡುತ್ತವೆ. ವಿಲ್ಕ್ಸ್‌ನಿಗೂ ದೇವಚಂದ್ರನಿಗೂ ಘಟನೆಯಿಂದ ನೂರು ವರ್ಷಕ್ಕೂ ಹೆಚ್ಚಿನ ದೂರವಿದೆಯೆಂಬುದನ್ನು ಮರೆಯಲಾಗದು; ಇಬ್ಬರೂ ಅದೇ ಕಾಲದ ಬಾಯಿಮಾತನ್ನು ಹಂಚಿಕೊಂಡಿರುವ ಸಾಧ್ಯತೆಯಿರುವುದರಿಂದ ಒಬ್ಬರನ್ನು ಇನ್ನೊಬ್ಬರಿಗೆ ಸ್ವತಂತ್ರ ಸಾಕ್ಷಿಯಾಗಿ ನಿಲ್ಲಿಸುವುದೂ ಕಷ್ಟ.

ಸಿ. ಹಯವದನರಾಯರು 1943ರಿಂದ ಪ್ರಕಟವಾದ ತಮ್ಮ ಮೈಸೂರು ಚರಿತ್ರೆಯಲ್ಲಿ ಈ ಕಥನಗಳನ್ನು ಆಸ್ಥಾನದ ಸಮಕಾಲೀನ ಕೃತಿಗಳು ಹಾಗೂ ಶಾಸನಗಳೊಂದಿಗೆ ಹೋಲಿಸಿ, ನಂಜನಗೂಡಿನ ಹತ್ಯಾಕಾಂಡದ ವಿವರವನ್ನು ಸಂಶಯದಿಂದ ಕಂಡರು. ಆಧಾರಗಳನ್ನು ಕಾಲಾನುಕ್ರಮದಲ್ಲಿ ತೂಗುವ ಅವರ ವಿಧಾನ ಇಂದಿಗೂ ಮಾದರಿಯೇ. ಆದರೆ ಅದರಲ್ಲಿ ಒಂದು ತೊಡಕಿದೆ. ಸಮಕಾಲೀನವೆಂದು ಮುಂದಿಡಲಾದ ಕಾವ್ಯಗಳು ಮಂತ್ರಿಗಳ ಬರಹಗಳು. ಅವು ಹತ್ಯೆಯ ಬಗ್ಗೆ ಮೌನವಾಗಿರುವಂತೆಯೇ ತೆರಿಗೆಯ ಹೊರೆಯ ಬಗ್ಗೆಯೂ ಮೌನವಾಗಿವೆ. ಮೊದಲನೆಯ ಮೌನವನ್ನು ಘಟನೆಯ ಅಭಾವಕ್ಕೆ ಸಾಕ್ಷಿಯೆಂದು ಒಪ್ಪಿದರೆ ಎರಡನೆಯದನ್ನೂ ಒಪ್ಪಬೇಕಾಗುತ್ತದೆ. ಒಂಬತ್ತು ಕೋಟಿಯ ಹೆಮ್ಮೆಯನ್ನು ಹಾಗೇ ಉಳಿಸಿಕೊಂಡು ಇದನ್ನು ಒಪ್ಪಲು ಬಾರದು.

ಹತ್ಯೆಯ ಕಥನದಲ್ಲಿ ಉತ್ಪ್ರೇಕ್ಷೆಯಿರಬಹುದು. ನಾನೂರು, ಏಳುನೂರು ಎಂಬ ದುಂಡು ಸಂಖ್ಯೆಗಳೇ ಅದನ್ನು ಸೂಚಿಸುತ್ತವೆ. ಆದರೆ ಅದನ್ನು ಕಳೆಯುವ ಭರದಲ್ಲಿ ಊರಬಾಗಿಲ ನೇಗಿಲನ್ನೂ ಕಳೆಯಲಾಯಿತು. ಮರುಪರಿಶೀಲನೆಯ ಬರಹಗಳು ಅರಸನು ಕೊಂದನೋ ಇಲ್ಲವೋ, ಶೈವದ್ವೇಷಿಯೋ ಅಲ್ಲವೋ ಎಂಬ ಪ್ರಶ್ನೆಗಳ ಸುತ್ತ ತಿರುಗಿದವು. ಜಗಳ ಮಂತ್ರಿಯ ಮತ, ಜಂಗಮರ ಮತ, ಅರಸನ ಮತಗಳ ನಡುವಿನದಾಯಿತು. ತೆರಿಗೆ ಕೊಟ್ಟವನು ಮತೀಯ ಚರ್ಚೆಯ ಹಿನ್ನೆಲೆಯಲ್ಲಿ ಮರೆಯಾದ. ನೇಗಿಲನ್ನು ತೂಗುಹಾಕಿದವರ ವರ್ತನೆ ಇಷ್ಟು ಖಚಿತವಾಗಿ ದಾಖಲಾಗಿರುವುದು ಅರಸನನ್ನು ದೂಷಿಸುವ ಕಥನದಲ್ಲಿ ಎಂಬುದು ಚರಿತ್ರೆಯ ವ್ಯಂಗ್ಯ.

ಇದೇ ಅರಸರು 1687ರಲ್ಲಿ ಮೊಗಲ್ ಸೇನಾನಿ ಖಾಸಿಂಖಾನನಿಂದ ಬೆಂಗಳೂರನ್ನು ಮೂರು ಲಕ್ಷಕ್ಕೆ ಪಡೆದರೆಂಬುದು ಪ್ರಸಿದ್ಧ ಸಂಗತಿ. ಮಂತ್ರಿಯ ಕೊಲೆಗೂ ಈ ವ್ಯವಹಾರಕ್ಕೂ ನಡುವಿನ ಅಂತರ ಕೇವಲ ಒಂದು ವರ್ಷ. ರಾಜ್ಯವಿಸ್ತರಣೆಯ ಅಧ್ಯಾಯದಲ್ಲಿ ಒಂದನ್ನೂ ಪ್ರಜಾಕ್ಷೋಭೆಯ ಅಧ್ಯಾಯದಲ್ಲಿ ಇನ್ನೊಂದನ್ನೂ ಓದುವ ರೂಢಿಯಿಂದಾಗಿ ಎರಡರ ಹಿಂದಿರುವ ಖಜಾನೆ ಒಂದೇ ಎಂಬುದು ಕಣ್ಣಿಗೆ ಬೀಳದೆ ಹೋಗಿದೆ.

ಕನ್ನಡ ಸಾಹಿತ್ಯ ಚರಿತ್ರೆಗಳೂ ಈ ಕಾಲವನ್ನು ಸಾಹಿತ್ಯ ಪೋಷಣೆಯ ಕಾಲವೆಂದು ಬಣ್ಣಿಸುತ್ತ ಬಂದಿವೆ. ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ದಿಂದ ಹೊನ್ನಮ್ಮನ ಸಾಂಗತ್ಯದವರೆಗಿನ ಕೃತಿಗಳ ಬೆಲೆ ಇದರಿಂದ ಕಡಿಮೆಯಾಗದು. ಪೋಷಣೆಯ ಮೂಲವನ್ನು ಕೇಳುವುದು ಮಾತ್ರ ಬಾಕಿ ಇದೆ. ಅದಕ್ಕೆ ವಂಶಾವಳಿ ಮತ್ತು ವಿಲ್ಕ್ಸ್‌ ಇಬ್ಬರಿಂದಲೂ ಆಚೆಗೆ ಹೋಗಬೇಕಾಗುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಮೂರನೆಯ ಸಂಪುಟ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಒಳಗೊಂಡಿದೆ. ಹಂಗಳ, ತೆರಕಣಾಂಬಿ, ಭೀಮನಬೀಡುಗಳಂಥ ಊರುಗಳಿರುವ ಈ ಸೀಮೆಯ ದಾನಶಾಸನಗಳಲ್ಲಿ ಬರುವ ಗದ್ದೆ, ಬೆದ್ದಲು, ಸುಂಕ, ಕಾಣಿಕೆಗಳ ವಿವರವನ್ನು ಅರಸರ ಬಿರುದಾವಳಿಯ ಭಾಗವನ್ನು ಓದುವಷ್ಟೇ ಎಚ್ಚರದಿಂದ ಓದಿ, ಯಾವ ಊರಿನ ಹುಟ್ಟುವಳಿ ಯಾವ ದೇವಾಲಯಕ್ಕೆ, ಯಾವ ಅಗ್ರಹಾರಕ್ಕೆ ಸಂದಿತೆಂದು ಪಟ್ಟಿಮಾಡುವ ಕೆಲಸದಿಂದ ಇದನ್ನು ಆರಂಭಿಸಬಹುದು.